ತೊಬಾಚಿಯ ಕೆಲಸದ ದಿನಗಳು

ಸತ್ತವರ ಹೆಸರಲ್ಲಿ ಹೇಳುವ ಒಂಬತ್ತು ದಿನದ ಜಪಮಾಲೆ ಭಾನುವಾರ ಸಂಜೆಗೆ ಮುಗಿಯಿತು. ಬಾಡಿಗೆ ಕುರ್ಚಿಗಳನ್ನು ಆಗಲೇ ಬಂದು ಎತ್ತಿಕೊಂಡು ಹೋದರು. ಸೋಮವಾರ ಬೆಳಿಗ್ಗೆ ಕಸದ ಗಾಡಿ ಎಂದಿನಂತೆ ಗಂಟೆ ಬಾರಿಸಿತು. ನಾನು ಎಂದಿನಂತೆ ಚೀಲ ಹಿಡಿದು ಕೆಳಗಿಳಿದೆ. ಚೀಲದಲ್ಲಿ ಬರೀ ಹೂವಿತ್ತು.

“ಭಾರವೇ ಇಲ್ವಲ್ಲ ಇವತ್ತು,” ಎಂದ ಗಾಡಿಯವನು.

“ಇಲ್ಲ,” ಎಂದೆ.

ಮೇಲೆ ಬಂದು ಬೆಲ್ಲದ ನೀರು ಕಾಯಿಸಿದೆ. ಕುಡಿಯಲಿಲ್ಲ. ಅಳುವೂ ಬರಲಿಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ಕೆನ್ನೆ ಮುಟ್ಟಿಕೊಂಡರೆ ಬೇರೆ ಯಾರದೋ ಕೆನ್ನೆಯಂತಿರುತ್ತದಲ್ಲ, ನಾನು ಇಡಿಯಾಗಿ ಹಾಗಿದ್ದೆ.

ಸೋಮವಾರ ನಮ್ಮ ದಿನ. ನನ್ನ ಗಂಡ ಎಲ್ಕಿನ್ ತೊಬಾಚಿಯ ಪುರಸಭೆಯಲ್ಲಿ ಜನರ ಅರ್ಜಿ ತೆಗೆದುಕೊಳ್ಳುವ ಗುಮಾಸ್ತನಾಗಿದ್ದ. ತೊಬಾಚಿಯಲ್ಲಿ ಭಾನುವಾರ ಸಂತೆ. ಬೆಟ್ಟದ ಜನ ಇಳಿದು ಬರುವುದು ಅಂದೇ. ಅದಕ್ಕೇ ಅಲ್ಲಿ ಪುರಸಭೆ ಭಾನುವಾರ ತೆರೆದಿರುತ್ತದೆ, ಸೋಮವಾರ ಮುಚ್ಚಿರುತ್ತದೆ. ನಾವು ಮನೆ ಮಾಡಿದ್ದ ತುಂಹಾದಲ್ಲಿ ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಇತಿಹಾಸ ಪಾಠ ಮಾಡುತ್ತೇನೆ, ಮಧ್ಯಾಹ್ನದ ಪಾಳಿ. ಹೀಗಾಗಿ ಸೋಮವಾರ ಹನ್ನೆರಡರವರೆಗೆ ಇಬ್ಬರೂ ಮನೆಯಲ್ಲಿ. ನಾಲ್ಕು ವರ್ಷ ನಮ್ಮ ರಜೆ ಊರಿನ ರಜೆಗಿಂತ ಒಂದು ದಿನ ತಡವಾಗಿ ಬರುತ್ತಿತ್ತು. ಎಲ್ಲರೂ ಕೆಲಸಕ್ಕೆ ಓಡುವ ಸದ್ದು ಕೇಳುತ್ತ ಮಲಗಿರುವುದು ಎಲ್ಕಿನ್‌ಗೆ ಬಹಳ ಇಷ್ಟ.

ತೊಬಾಚಿ ದಾರಿಯ ಒಂದು ತಿರುವು, ಹಾಲಿನ ಲಾರಿ, ಮಂಜು, ಅವನ ಬೈಕು. ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ.

ಎಂಟೂವರೆಗೆ ಫೋನು ಬಂತು. ವಿಶ್ವವಿದ್ಯಾಲಯದ ಸಾರ್ವಜನಿಕ ಆಡಳಿತ ಶಾಲೆಯ ಕಚೇರಿಯಿಂದ, ದೋನ್ಯಾ ಬೆರ್ತಿಲ್ದಾ. ಎಲ್ಕಿನ್ ಅಲ್ಲಿ ಶನಿವಾರದ ತರಗತಿಗಳಿಗೆ ಹೋಗಿ ಸ್ನಾತಕೋತ್ತರ ಪದವಿ ಓದುತ್ತಿದ್ದ. ಪ್ರಬಂಧ ಒಪ್ಪಿಸಿ ಆಗಿತ್ತು. ಪರೀಕ್ಷಕರ ಅಭಿಪ್ರಾಯವಷ್ಟೇ ಬಾಕಿ.

“ಯಮಿಲೆ, ಮಗಳೇ, ಎಲ್ಕಿನ್ ಹೆಸರಿಗೆ ಒಂದು ಪತ್ರ ಬಂದಿದೆ. ಡಾಕ್ಟರ್ ಸೆಲಿ ಬರೆದದ್ದು. ನೀನೇ ಬಂದು ತಗೊಂಡು ಹೋಗು.”

“ಏನಂತೆ?”

“ಫೋನಲ್ಲಿ ಓದೋಕೆ ನನಗೆ ಬಾಯಿ ಬರಲ್ಲಮ್ಮಾ.”

ನಮ್ಮ ಕಡೆ ಹಿರಿಯ ಗಂಡಸರಿಗೆ ದೋನ್, ಹೆಂಗಸರಿಗೆ ದೋನ್ಯಾ ಎನ್ನುವ ಹಾಗೆ ಕಾನೂನು ಓದಿದವರನ್ನೆಲ್ಲ ಡಾಕ್ಟರ್ ಎನ್ನುತ್ತಾರೆ. ಜ್ವರ ಬಂದರೆ ಅವರಿಂದ ಉಪಯೋಗವಿಲ್ಲ.

*

ಪತ್ರವನ್ನು ವಿಶ್ವವಿದ್ಯಾಲಯದ ಮೆಟ್ಟಿಲ ಮೇಲೆ ನಿಂತು ಓದಿದೆ.

‘ಶ್ರೀ ಎಲ್ಕಿನ್ ಫೊನ್ಸೆಕಾ ಅವರಿಗೆ. ತಾವು ಪರಿಶೀಲಿಸಿದ ನಾನೂರ ಹನ್ನೆರಡು ಅರ್ಜಿಗಳಲ್ಲಿ ನೂರ ಎಂಬತ್ತಾರು ಅರ್ಜಿಗಳು ಭಾನುವಾರ ಸ್ವೀಕೃತವಾಗಿವೆ ಎಂದು ತೋರಿಸಿದ್ದೀರಿ. ಭಾನುವಾರ ಸರ್ಕಾರಿ ಕಚೇರಿ ತೆರೆದಿರುವುದಿಲ್ಲ. ಅಂಕಿಅಂಶಗಳು ಕಲ್ಪಿತವೆಂದು ಶಂಕಿಸಲು ಕಾರಣವಿದೆ. ಉತ್ತರಿಸಲು ತಮಗೆ ಹದಿನೈದು ಕೆಲಸದ ದಿನಗಳ ಅವಕಾಶವಿದೆ. ತಪ್ಪಿದಲ್ಲಿ ಪ್ರಬಂಧ ತಿರಸ್ಕೃತವಾಗುವುದು. ರಮಿರೊ ಸೆಲಿ, ಪರೀಕ್ಷಕ.’

ಯಾವುದೇ ನಾಗರಿಕನ ಅರ್ಜಿಗೆ ಹದಿನೈದು ಕೆಲಸದ ದಿನಗಳಲ್ಲಿ ಉತ್ತರ ಕೊಡಬೇಕೆಂದು ನಮ್ಮ ಕಾನೂನು. ತೊಬಾಚಿಯಂಥ ಊರಲ್ಲಿ ಎಷ್ಟು ಜನಕ್ಕೆ ನಿಜವಾಗಿ ಉತ್ತರ ಸಿಗುತ್ತದೆ ಎಂಬುದೇ ಎಲ್ಕಿನ್‌ನ ಪ್ರಬಂಧ. ಮೂರು ವರ್ಷದ ಕೆಲಸ. ಕಲ್ಪಿತವಂತೆ.

ಬಾಗಿಲು ತಟ್ಟಲಿಲ್ಲ. ಸೆಲಿಯ ಕೋಣೆಯೊಳಗೆ ನಲವತ್ತರ ಆಸುಪಾಸಿನ ತೆಳ್ಳಗಿನ ಗಂಡಸು ಕೆಂಪು ಪೆನ್ನು ಹಿಡಿದು ಯಾರದೋ ಬರವಣಿಗೆಗೆ ಗೀರು ಹಾಕುತ್ತ ಕೂತಿದ್ದ. ಎದುರಿನ ಕುರ್ಚಿಯ ತುಂಬ ಕಡತ.

“ಭೇಟಿ ಗುರುವಾರ,” ಎಂದ, ತಲೆ ಎತ್ತದೆ.

“ಎಲ್ಕಿನ್ ಫೊನ್ಸೆಕಾ ಗುರುವಾರ ಬರಲ್ಲ.”

“ಮತ್ತೆ ಯಾವಾಗ ಬರ್ತಾರಂತೆ?”

“ಹೂಳಿ ಹತ್ತು ದಿನ ಆಯ್ತು. ಕೆಲಸದ ದಿನದಲ್ಲಿ ಎಷ್ಟಾಗುತ್ತೆ, ನೀವೇ ಹೇಳಿ.”

ಪೆನ್ನು ನಿಂತಿತು. ಅವನು ಕಣ್ಣೆತ್ತಿ ಮೊದಲು ನನ್ನ ಕಪ್ಪು ಕೋಟು ನೋಡಿದ, ಆಮೇಲೆ ಕೈಯಲ್ಲಿದ್ದ ಪತ್ರ, ಕೊನೆಗೆ ಮುಖ. ಮುಖದ ಮೇಲೆ ನಿಂತ ಕಣ್ಣು ಅಲ್ಲಿಂದ ಹೇಗೆ ಹಿಂದಿರುಗುವುದೆಂದು ತಿಳಿಯದವರ ಹಾಗೆ ಅಲ್ಲೇ ಉಳಿಯಿತು.

“ನಾನು ಒಂದು ತಿಂಗಳು ಬೊಗೊಟದಲ್ಲಿದ್ದೆ. ಯಾರೂ ಹೇಳಲಿಲ್ಲ.”

“ಈಗ ನಾನು ಹೇಳ್ದೆ.”

ಕ್ಷಮೆ ಕೇಳುತ್ತಾನೆ ಎಂದು ಕಾದೆ. ಕೇಳಿದ್ದರೆ ಏನು ಹೇಳಬೇಕೆಂಬುದೂ ಸಿದ್ಧವಿತ್ತು. ಹತ್ತು ದಿನದಿಂದ ಎಲ್ಲರಿಗೂ ಹೇಳಿ ಬಾಯಿಪಾಠವಾಗಿತ್ತು.

“ಪತ್ರ ನಿಮ್ಮ ಕೈ ಸೇರಿದ್ದು ಇವತ್ತು,” ಎಂದ. “ನಾಳೆಯಿಂದ ಲೆಕ್ಕ ಶುರು.”

“ಸತ್ತವರಿಗೂ ಗಡುವಾ?”

“ಗಡುವು ಪ್ರಬಂಧಕ್ಕೆ. ಪ್ರಬಂಧ ಸತ್ತಿಲ್ಲ.”

“ಅವನು ಪ್ರತಿ ಭಾನುವಾರ ಕೆಲಸಕ್ಕೆ ಹೋಗ್ತಿದ್ದ. ತೊಬಾಚಿಯಲ್ಲಿ ಭಾನುವಾರ ಕಚೇರಿ ಇರುತ್ತೆ.”

“ಸಾಕ್ಷಿ?”

“ನಾನು.”

“ಹೆಂಡತಿ ಮಾತು ಸಾಕ್ಷಿ ಆಗಲ್ಲ.”

ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದು ಅಂದೆ. ಬಾಗಿಲನ್ನು ಎಷ್ಟು ಜೋರಾಗಿ ಎಳೆದುಕೊಂಡೆನೆಂದರೆ ದೋನ್ಯಾ ಬೆರ್ತಿಲ್ದಾ ಕೈಯಲ್ಲಿದ್ದ ಕಾಫಿ ತುಳುಕಿತು. ಬೀದಿಗಿಳಿದ ಮೇಲೆ ಗೊತ್ತಾಯಿತು, ಹಸಿವಾಗಿತ್ತು. ಮೂಲೆಯ ಅಂಗಡಿಯಲ್ಲಿ ಮೆಕ್ಕೆಜೋಳದ ಒಂದು ಅರೆಪ ರೊಟ್ಟಿ ಕೊಂಡು ನಿಂತಲ್ಲೇ ತಿಂದೆ.

*

ತೊಬಾಚಿಗೆ ಫೋನು ಮಾಡಿದೆ. ಕಾವಲುಗಾರ ದೋನ್ ಸೆನೊನ್ ಎತ್ತಿದರು. ಎಲ್ಕಿನ್ ಹೋದ ಮೇಲೆ ಅರ್ಜಿಯ ಕಿಟಕಿಯಲ್ಲೂ ಅವರೇ ಕೂರುತ್ತಿದ್ದರು.

“ದೋನ್ ಸೆನೊನ್, ಭಾನುವಾರ ಕಚೇರಿ ತೆರೀಬೇಕು ಅಂತ ಏನಾದ್ರೂ ಆದೇಶ ಇದೆಯಾ? ಕಾಗದದಲ್ಲಿ?”

“ಆದೇಶ ಯಾಕಮ್ಮಾ? ಜನ ಬರ್ತಾರೆ, ತೆರೀತೀವಿ.”

“ಎಲ್ಲಾದ್ರೂ ಬರೆದಿದೆಯಾ ಅಂತ ಕೇಳ್ದೆ.”

“ಮಧ್ಯಾಹ್ನ ಊಟ ಮಾಡಬೇಕು ಅಂತಲೂ ಎಲ್ಲೂ ಬರೆದಿಲ್ಲ. ಮಾಡ್ತೀವಲ್ಲ?”

ಎಲ್ಕಿನ್‌ನ ತಪ್ಪೂ ಇದೇ. ಮುನ್ನೂರು ಪುಟದಲ್ಲಿ ಒಂದೇ ಒಂದು ಕಡೆಯೂ ‘ಈ ಊರಲ್ಲಿ ಭಾನುವಾರ ಕೆಲಸದ ದಿನ’ ಎಂದು ಬರೆದಿರಲಿಲ್ಲ. ಬರೆಯಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ. ಕರಡನ್ನು ಎರಡು ಸಲ ತಿದ್ದಿದ್ದು ನಾನು. ನನಗೂ ಹೊಳೆದಿರಲಿಲ್ಲ.

ಗುರುವಾರ ವಿಶ್ವವಿದ್ಯಾಲಯಕ್ಕೆ ಹೋದಾಗ ದೋನ್ಯಾ ಬೆರ್ತಿಲ್ದಾ ನನ್ನನ್ನು ಕಂಬದ ಮರೆಗೆ ಎಳೆದುಕೊಂಡರು.

“ಸುದ್ದಿ ಗೊತ್ತಾ? ಸಮಿತಿ ಸಭೆಯಲ್ಲಿ ಡೀನ್ ಪಾಪ, ‘ಸಂತಾಪ ಸೂಚಿಸಿ ಒಂದು ಗೌರವ ಪದವಿ ಕೊಟ್ಬಿಡೋಣ, ಪ್ರಬಂಧದ ತಂಟೆ ಬೇಡ’ ಅಂದ್ರು. ಎಲ್ಲರೂ ಕೈ ಎತ್ತಿದ್ರು. ಆ ಸೆಲಿ ಮಾತ್ರ ಕೈ ಕಟ್ಕೊಂಡು ಕೂತಿದ್ದ, ಕಲ್ಲಿನ ಹಾಗೆ. ಅವನಿಂದಾಗಿ ನಿಂತುಹೋಯ್ತು.”

ಈ ಸಲವೂ ಬಾಗಿಲು ತಟ್ಟಲಿಲ್ಲ.

“ನಿಮಗೆ ಎಲ್ಕಿನ್ ಮೇಲೆ ಏನು ದ್ವೇಷ?”

“ದ್ವೇಷ ಇದ್ದಿದ್ರೆ ಕೈ ಎತ್ತುತ್ತಿದ್ದೆ.” ಅವನು ಪೆನ್ನಿನ ಮುಚ್ಚಳ ಹಾಕಿದ. “ಗೌರವ ಪದವಿ ಕೊಟ್ರೆ ಆ ಪ್ರಬಂಧ ಮತ್ತೆ ಯಾರೂ ಓದಲ್ಲ. ನನ್ನ ಶಂಕೆ ಹಾಗೇ ಕಡತದಲ್ಲಿ ಉಳಿಯುತ್ತೆ. ‘ಸುಳ್ಳು ಲೆಕ್ಕ ಬರೆದ, ಸತ್ತ ಅಂತ ಬಿಟ್ರು.’ ಹಾಗಾಗಬೇಕಾ?”

ಅವನು ಹೇಳಿದ್ದು ಸರಿಯಾಗಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಆಗ ಗಮನಿಸಿದೆ, ಎದುರಿನ ಕುರ್ಚಿ ಖಾಲಿಯಿತ್ತು. ಕಡತಗಳೆಲ್ಲ ನೆಲದ ಮೇಲಿದ್ದವು.

“ನಿಂತೇ ಜಗಳ ಆಡ್ತೀರಾ?”

“ಕೂತ್ರೆ ಜಗಳ ಸಡಿಲ ಆಗುತ್ತೆ.”

ಅವನ ತುಟಿಯ ಎಡಮೂಲೆ ಒಂದಿಷ್ಟು ಅಲುಗಿತು. ತಕ್ಷಣ ಅದನ್ನು ಸರಿಪಡಿಸಿಕೊಂಡ. ನೋಟ ಜಾರಿ ನನ್ನ ಎಡಗೈಗೆ ಬಂತು. ಮೇಷ್ಟರ ಅಭ್ಯಾಸ, ಉಳಿದ ದಿನಗಳನ್ನು ಅಂಗೈ ಮೇಲೆ ನೀಲಿ ಶಾಯಿಯಲ್ಲಿ ಬರೆದುಕೊಂಡಿದ್ದೆ. ಮುಷ್ಟಿ ಮುಚ್ಚುವಷ್ಟರಲ್ಲಿ ಓದಿಬಿಟ್ಟಿದ್ದ.

“ಹನ್ನೆರಡಲ್ಲ, ಹದಿಮೂರು,” ಎಂದ. “ಇವತ್ತು ಇನ್ನೂ ಮುಗಿದಿಲ್ಲ.”

ಹೊರಗೆ ಬಂದು ಅಂಗೈ ತೆರೆದು ನೋಡಿದೆ. ಬೆವರಿಗೆ ಅಂಕಿ ಕಲಸಿಹೋಗಿತ್ತು.

*

ಎರಡು ವಾರ ಹೀಗೇ ಹೋಯಿತು. ಪಾದ್ರಿಗಳ ಪತ್ರ ಒಯ್ದೆ. “ಪಾದ್ರಿ ಪುರಸಭೆಯ ನೌಕರ ಅಲ್ಲ,” ಎಂದ. ಸಂತೆಯ ಫೋಟೋ ಒಯ್ದೆ. “ಫೋಟೋದಲ್ಲಿ ಆಲೂಗಡ್ಡೆ ಕಾಣುತ್ತೆ, ವಾರ ಕಾಣಲ್ಲ,” ಎಂದ. ನಾನು ಅವನ ಟೈ, ಅವನ ಬೊಗೊಟ, ಅವನ ಕೆಂಪು ಪೆನ್ನು ಎಲ್ಲಕ್ಕೂ ಬೈದೆ. ಅವನು ಕೇಳಿಸಿಕೊಂಡು, “ಮುಂದಿನ ಗುರುವಾರ ಬೇರೆ ಏನಾದ್ರೂ ತನ್ನಿ,” ಎನ್ನುತ್ತಿದ್ದ.

ಗಡುವಿಗೆ ಒಂದು ವಾರ ಉಳಿದಿದ್ದ ಸೋಮವಾರ, ಎಲ್ಕಿನ್‌ನ ಬಟ್ಟೆ ಯಾರಿಗಾದರೂ ಕೊಡೋಣವೆಂದು ಪೆಟ್ಟಿಗೆ ತೆಗೆದೆ. ತಳದಲ್ಲಿ ಗೊಬ್ಬರದ ಚೀಲ ಸುತ್ತಿದ ಒಂದು ಪುಸ್ತಕ. ತೊಬಾಚಿ ಪುರಸಭೆಯ ಸ್ವೀಕೃತಿ ಪುಸ್ತಕ, ಮೂರು ಬೆರಳು ದಪ್ಪ. ಮೊದಲ ಪುಟಕ್ಕೆ ಚೀಟಿ ಸಿಕ್ಕಿಸಿತ್ತು: ‘ಪ್ರಬಂಧದ ಕೆಲಸಕ್ಕಾಗಿ ಎರವಲು. ಮುಗಿದ ಕೂಡಲೇ ಹಿಂದಿರುಗಿಸುವುದು. ಎಲ್ಕಿನ್ ಫೊನ್ಸೆಕಾ.’

ನಾಲ್ಕು ವರ್ಷದ ಅವನ ಕೈಬರಹ. ಭಾನುವಾರಗಳು ಎರಡೆರಡು ಪುಟ. ಪ್ರತಿ ಸಾಲಿನ ಕೊನೆಗೆ ಮೊಹರು. ಅಂಚಿನಲ್ಲಿ ಸಣ್ಣ ಅಕ್ಷರದ ಟಿಪ್ಪಣಿಗಳು: ‘ಮೂರನೇ ಸಲ ಬಂದರು.’ ‘ಅಜ್ಜಿಗೆ ಓದಿ ಹೇಳಿದೆ.’ ‘ಬಸ್ಸು ತಪ್ಪಿತು, ಪಾಪ.’ ಸೋಮವಾರ ಎಂಬ ಪದವೇ ಇಡೀ ಪುಸ್ತಕದಲ್ಲಿಲ್ಲ. ಅಂದು ಪಾಠಕ್ಕೆ ತಡವಾಗಿ ಹೋದೆ, ಜೀವನದಲ್ಲಿ ಮೊದಲ ಸಲ.

ಗುರುವಾರದವರೆಗೆ ಕಾಯಲಿಲ್ಲ. ಬುಧವಾರವೇ ಒಯ್ದು ಮೇಜಿನ ಮೇಲಿಟ್ಟು ಆ ಕುರ್ಚಿಯಲ್ಲಿ ಕೂತೆ.

ಅವನು ಹೋಗಿ ಕೈ ತೊಳೆದುಕೊಂಡು ಬಂದು ಓದತೊಡಗಿದ. ಎರಡು ಗಂಟೆ. ಕೆಂಪು ಪೆನ್ನು ಮುಟ್ಟಲಿಲ್ಲ. ಅಂಚಿನ ಟಿಪ್ಪಣಿಗಳ ಹತ್ತಿರ ಅವನ ಬೆರಳು ನಿಧಾನವಾಗುತ್ತಿತ್ತು.

“ಏಳರ ಅಂಕಿ ಎಷ್ಟು ಚೆನ್ನಾಗಿ ಬರೀತಾರೆ,” ಎಂದ.

ಬರೀತಾರೆ. ಬರೀತಿದ್ರು ಅಲ್ಲ. ಎಲ್ಲರ ತಪ್ಪನ್ನೂ ತಿದ್ದುವವನು ಅದೊಂದನ್ನು ತಿದ್ದಿಕೊಳ್ಳಲಿಲ್ಲ. ನಾನೂ ತಿದ್ದಲಿಲ್ಲ.

“ಈಗ ಒಪ್ಪಿದ್ರಾ?”

“ನಾನು ಒಪ್ಪಿದೆ. ಸಮಿತಿ ಒಪ್ಪಲ್ಲ. ಸರ್ಕಾರಿ ಪುಸ್ತಕ ಮನೇಲಿತ್ತು ಅಂದ್ರೆ, ‘ಗಂಡ ಹೆಂಡತಿ ಕೂತು ತುಂಬಿದ್ದಾರೆ’ ಅಂತಾರೆ.”

“ಹಾಗಾದ್ರೆ?”

“ವಾಪಸ್ ಕೊಡಿ. ಇದೇ ಭಾನುವಾರ. ಕೊಟ್ಟಿದ್ದಕ್ಕೆ ಮೊಹರು ಒತ್ತಿದ ರಸೀದಿ ತನ್ನಿ. ಭಾನುವಾರದ ತಾರೀಕಿನ ಸರ್ಕಾರಿ ಮೊಹರು ಇದ್ಮೇಲೆ ಕಚೇರಿ ಮುಚ್ಚಿತ್ತು ಅಂತ ಯಾರು ಹೇಳ್ತಾರೆ? ಪುಸ್ತಕ ಅದರ ಜಾಗದಲ್ಲಿರುತ್ತೆ. ಅನುಮಾನ ಇದ್ದವರು ಹೋಗಿ ನೋಡ್ಲಿ.” ಒಂದು ಕ್ಷಣ ಬಿಟ್ಟು, “ನಾನೂ ಬರ್ತೀನಿ.”

“ಯಾಕೆ? ಮೊಹರು ನಾನೇ ಮನೇಲಿ ಒತ್ಕೊಳ್ತೀನಿ ಅಂತಾನಾ?”

“ಕಿಟಕಿ ಮುಚ್ಚಿದ್ರೆ ಜಗಳಕ್ಕೆ ನಿಮಗೆ ಯಾರಾದ್ರೂ ಬೇಕಲ್ಲ.”

*

ಭಾನುವಾರ ಬೆಳಿಗ್ಗೆ ಆರರ ಬಸ್ಸು. ಮರುದಿನವೇ ಗಡುವು. ಅವನು ಟೈ ಕಟ್ಟಿರಲಿಲ್ಲ.

“ಸುಮೆರ್ಸೆ ಈ ಕಡೆ ಕೂತ್ಕೊಳ್ಳಿ, ಬೆಟ್ಟದ ಕಡೆ,” ಎಂದ.

ಸುಮೆರ್ಸೆ ನಮ್ಮ ಸೀಮೆಯ ಮಾತು. ನೀನು ಎನ್ನುವುದಕ್ಕಿಂತ ಮರ್ಯಾದೆ, ನೀವು ಎನ್ನುವುದಕ್ಕಿಂತ ಹತ್ತಿರ. ತರಕಾರಿಯವಳೂ ಅನ್ನುತ್ತಾಳೆ, ಗಂಡನೂ ಅನ್ನುತ್ತಾನೆ. ಬೊಗೊಟದ ಇವನ ಬಾಯಲ್ಲಿ ನಾನು ಅದನ್ನು ಕೇಳಿರಲಿಲ್ಲ.

“ಆ ಮಾತು ನಿಮ್ಮ ಬಾಯಿಗೆ ಒಗ್ಗಲ್ಲ.”

“ಅಭ್ಯಾಸ ಮಾಡ್ತಿದ್ದೀನಿ.”

ಪುಸ್ತಕ ನನ್ನ ಮಡಿಲಲ್ಲಿತ್ತು. ಎರಡು ಗಂಟೆಯ ಪ್ರಯಾಣದ ಮೇಲೆ ರಸ್ತೆ ಮಂಜಿನೊಳಗೆ ಹೊಕ್ಕಿತು. ಆ ತಿರುವು ಹತ್ತಿರ ಬರುತ್ತಿದ್ದುದು ನನಗೆ ತಿಳಿಯಿತು. ಅಷ್ಟರಲ್ಲಿ ಅವನು ಎದ್ದು ನಿಂತು, ಕಣಿವೆಯ ಕಡೆಗೆ ಬೆನ್ನು ಮಾಡಿ, ಮೇಲಿಟ್ಟಿದ್ದ ತನ್ನ ಚೀಲದಲ್ಲಿ ಏನನ್ನೋ ಹುಡುಕತೊಡಗಿದ. ನನ್ನ ಕಣ್ಣಿಗೆ ಅವನ ಕಂದು ಕೋಟು ಬಿಟ್ಟು ಬೇರೇನೂ ಕಾಣಲಿಲ್ಲ. ಬಹಳ ಹೊತ್ತು ಹುಡುಕಿದ. ಆಮೇಲೆ ಕೂತ.

“ಏನು ಹುಡುಕ್ತಿದ್ರಿ?”

“ಏನಿಲ್ಲ.”

“ಸಿಕ್ತಾ?”

“ತಿರುವು ದಾಟಿತು,” ಎಂದ.

*

ತೊಬಾಚಿಯ ಚೌಕದಲ್ಲಿ ಈರುಳ್ಳಿ, ಆಲೂಗಡ್ಡೆ, ಕುರಿ, ಕಂಬಳಿ, ಜನ. ಪುರಸಭೆಯ ಬಾಗಿಲು ಎರಡೂ ಕಡೆ ತೆರೆದಿತ್ತು. ಅರ್ಜಿಯ ಕಿಟಕಿಯ ಮುಂದೆ ಉಣ್ಣೆಯ ಹೊದಿಕೆ ಹೊದ್ದವರ ಸಾಲು.

“ನೋಡಿ,” ಎಂದೆ. “ಮುಚ್ಚಿದೆಯಾ?”

ಅವನು ಸುಮ್ಮನೆ ನಿಂತು ನೋಡಿದ. ಕಾಗದ ಹಿಡಿದ ಒಬ್ಬ ಮುದುಕ ಅವನನ್ನು ಭುಜದಿಂದ ತಳ್ಳಿ, “ಸಾಲಿಗೆ ನಿಲ್ಲಿ ಡಾಕ್ಟರ್, ಇಲ್ಲಿ ಎಲ್ಲರೂ ಒಂದೇ,” ಎಂದ. ಟೈ ಇಲ್ಲದಿದ್ದರೂ ಗುರುತು ಹತ್ತಿತ್ತು.

ಸಾಲಿನಲ್ಲಿ ನಮ್ಮ ಮುಂದೆ ಹನ್ನೊಂದು ಜನ. ಅವನು ನನ್ನ ಕಡೆ ತಿರುಗದೆ, ಮುಂದಿನವನ ಟೊಪ್ಪಿಗೆಗೆ ಹೇಳುವವನಂತೆ ಮಾತಾಡಿದ.

“ಒಂದ್ಸಲ ಎಲ್ಕಿನ್ ತರಗತಿಯಲ್ಲಿ ನನ್ನ ತಪ್ಪು ಹಿಡಿದ್ರು. ನಾನು ರೇಗಿದೆ. ‘ಡಾಕ್ಟರ್, ಇದು ನಾನು ಹಿಡಿದದ್ದಲ್ಲ, ನಮ್ಮನೇಲಿ ಹಿಡಿದದ್ದು’ ಅಂದ್ರು. ಎಲ್ಲರೂ ನಕ್ಕರು. ಆ ಮನೆಯವರನ್ನ ಒಮ್ಮೆ ನೋಡ್ಬೇಕು ಅನ್ನಿಸಿತ್ತು. ಹೀಗೆ ಅಲ್ಲ.”

ಸಾಲು ಒಂದು ಹೆಜ್ಜೆ ಸರಿಯಿತು.

“ಆ ಸೋಮವಾರ ನಾನು ಕ್ಷಮೆ ಕೇಳ್ಬೇಕಿತ್ತು. ಕೇಳಿದ್ರೆ ನೀವು ‘ಪರವಾಗಿಲ್ಲ’ ಅಂತ ಎದ್ದು ಹೋಗ್ಬಿಡ್ತಿದ್ರಿ. ಜಗಳ ಆಡಿದ್ರೆ ಗುರುವಾರ ಬರ್ತೀರಿ ಅನ್ನಿಸ್ತು.”

“ಇದು ನಾಚಿಕೆಗೇಡು.”

“ಗೊತ್ತು.”

“ಹೂಳಿ ಇವತ್ತಿಗೆ ಒಂದು ತಿಂಗಳು ಅಷ್ಟೇ.”

“ಅದೂ ಗೊತ್ತು. ಎಣಿಸಿದ್ದೀನಿ.”

ಅವನ ಕೆನ್ನೆಗೆ ಹೊಡೆಯಬೇಕೆನಿಸಿತು. ಕೈಯಲ್ಲಿ ಪುಸ್ತಕವಿತ್ತು.

“ನನಗೆ ಏನೂ ಅನ್ನಿಸ್ತಿಲ್ಲ,” ಎಂದೆ. “ಅಮ್ಮ ಅತ್ತರೆ ಸುಮ್ನೆ ನೋಡ್ತಾ ಕೂರ್ತೀನಿ. ಉಪ್ಪು ಹೆಚ್ಚಾದ್ರೂ ಗೊತ್ತಾಗಲ್ಲ. ನಿಮ್ಮ ಮೇಲೆ ಮಾತ್ರ ಸಿಟ್ಟು ಬರುತ್ತೆ. ಗುರುವಾರ ಬಂತು ಅಂದ್ರೆ ಬೆಳಿಗ್ಗೆಯಿಂದಲೇ ಬರುತ್ತೆ. ಏನು ಬಯ್ಯಲಿ ಅಂತ ಯೋಚನೆ ಮಾಡ್ತಾ ತಲೆ ಬಾಚ್ಕೊಳ್ತೀನಿ.”

ಅವನು ಟೊಪ್ಪಿಗೆಯನ್ನು ಬಿಟ್ಟು ನನ್ನ ಕಡೆ ತಿರುಗಿದ.

“ತಲೆ ಬಾಚ್ಕೊಳ್ತೀರಾ?”

“ಬೇರೆ ದಿನ ಇಲ್ಲ.”

ಅವನ ಕಣ್ಣು ನನ್ನ ಕೂದಲಿಗೆ ಬಂತು, ಹಣೆಯ ಹತ್ತಿರ ಒಂದು ಉಸಿರಿನಷ್ಟು ನಿಂತಿತು, ಬೆಂಕಿ ಮುಟ್ಟಿದಂತೆ ತನ್ನ ಬೂಟಿಗೆ ಇಳಿಯಿತು. ಕಿವಿ ಕೆಂಪಾಗಿತ್ತು.

“ಸೋಮವಾರ ನಾನು ಕೇಳಲ್ಲ,” ಎಂದ ಮೆಲ್ಲಗೆ. “ಪುಸ್ತಕದಲ್ಲಿ ಸೋಮವಾರವೇ ಇಲ್ಲ. ಆ ದಿನ ಅವರು ಎಲ್ಲಿರ್ತಿದ್ರು ಅಂತ ನನಗೆ ಅರ್ಥ ಆಯ್ತು. ಅದು ನಿಮ್ಮಿಬ್ಬರದು. ಯಾವುದಾದ್ರೂ ಮಂಗಳವಾರ, ಒಂದು ಕಾಫಿ.”

“ಅರ್ಜಿ ಹಾಕ್ತಿದ್ದೀರಾ?”

“ಹಾಕ್ತಿದ್ದೀನಿ.”

“ಹದಿನೈದು ಕೆಲಸದ ದಿನ ಆಗುತ್ತೆ.”

“ಉತ್ತರ ಬರದಿದ್ರೆ?”

“ಮತ್ತೆ ಸಾಲಿಗೆ ನಿಲ್ಲಿ. ಇಲ್ಲಿಯವರು ಮೂರ್ಮೂರು ಸಲ ಬರ್ತಾರೆ.”

ಅವನು ನಕ್ಕ. ಜೋರಾಗಿ, ಹಲ್ಲು ಕಾಣುವ ಹಾಗೆ. ಮುಂದಿನವನು ತಿರುಗಿ ನೋಡಿದ. ನಾನು ನಗಲಿಲ್ಲ. ಆದರೆ ಮುಖದಲ್ಲಿ ಏನೋ ನೋವಾಯಿತು, ಬಹಳ ದಿನ ಮಡಿಸಿಟ್ಟ ಕಾಲನ್ನು ಚಾಚಿದಂತೆ.

ನಮ್ಮ ಸರದಿ ಬಂತು. ದೋನ್ ಸೆನೊನ್ ಕನ್ನಡಕ ಹಣೆಗೇರಿಸಿದರು.

“ಅಯ್ಯೋ, ನಮ್ಮ ಪುಸ್ತಕ! ಮೂರು ಸಲ ಕಪಾಟು ತೆಗೆದು ಹುಡುಕಿದೆ ಮಗಳೇ. ಕೊಡು, ಕೊಡು.”

“ಮೊದಲು ರಸೀದಿ,” ಎಂದ ರಮಿರೊ.

“ಇವರು ಯಾರಮ್ಮಾ, ಇಷ್ಟು ಜೋರು?”

“ಎಲ್ಲದಕ್ಕೂ ಜಗಳ ಆಡೋರು. ಬರ್ಕೊಡಿ ದೋನ್ ಸೆನೊನ್.”

ಅವರು ಕಾಗದ ತೆಗೆದರು. “ಹಿಂದಿರುಗಿಸಿದವರು ಯಾರು ಅಂತ ಬರೀಲಿ?”

“ಎಲ್ಕಿನ್ ಫೊನ್ಸೆಕಾ.”

ದೋನ್ ಸೆನೊನ್ ನನ್ನನ್ನು ನೋಡಿದರು. ಆಮೇಲೆ ರಮಿರೊನನ್ನು ನೋಡಿದರು.

“ಎಲ್ಕಿನ್ ಫೊನ್ಸೆಕಾ ಅವರ ಪರವಾಗಿ, ಯಮಿಲೆ ಸೊಚಾ ಅಂತ ಬರೀರಿ,” ಎಂದ ಅವನು. ಆಮೇಲೆ ನನಗೆ, “ಆಗಬಹುದಾ?”

“ಆಗಬಹುದು,” ಎಂದೆ. ಅವನ ತಿದ್ದುಪಡಿಯೊಂದನ್ನು ನಾನು ಒಪ್ಪಿದ್ದು ಅದೇ ಮೊದಲು.

ಮೊಹರು ಬಿತ್ತು. ತಾರೀಕು, ವಾರ, ಪುರಸಭೆಯ ಲಾಂಛನ. ರಮಿರೊ ಶಾಯಿ ಆರುವವರೆಗೆ ಕಾದು, ರಸೀದಿಯನ್ನು ಎತ್ತಿ ಬೆಳಕಿಗೆ ಹಿಡಿದು ಓದಿದ. “ನಾಳೆ ಬೆಳಿಗ್ಗೆ ಸಮಿತಿಯ ಮುಂದೆ ನಾನೇ ಓದ್ತೀನಿ,” ಎಂದ. “ಶಂಕೆ ನನ್ನದು. ತಪ್ಪು ನನ್ನದು ಅಂತಲೂ ನಾನೇ ಬರೀತೀನಿ. ಪದವಿ ಅವರದ್ದು.”

ದೋನ್ ಸೆನೊನ್ ಎರಡೂ ಕೈ ಚಾಚಿದರು. ಪುಸ್ತಕ ಇನ್ನೂ ನನ್ನ ಎದೆಗೆ ಒತ್ತಿಕೊಂಡಿತ್ತು. ಅದರೊಳಗೆ ಎಲ್ಕಿನ್‌ನ ಏಳುಗಳು, ಅವನ ‘ಪಾಪ’, ಬಸ್ಸು ತಪ್ಪಿಸಿಕೊಂಡ ಅಜ್ಜಿ. ಮನೆಯಲ್ಲಿ ಅವನ ಕೈಬರಹ ಇಷ್ಟೊಂದು ಬೇರೆಲ್ಲೂ ಇರಲಿಲ್ಲ. ಬೆರಳುಗಳು ಬಿಡಲಿಲ್ಲ. ರಟ್ಟಿನ ಮೇಲೆ ಒಂದು ಹನಿ ಬಿತ್ತು, ಇನ್ನೊಂದು ಬಿತ್ತು. ಮಳೆ ಇರಲಿಲ್ಲ. ರಮಿರೊ ನೆರವಿಗೆ ಬರಲಿಲ್ಲ, ಅವಸರಪಡಿಸಲಿಲ್ಲ, ಮುಖ ಚೌಕದ ಕಡೆ ತಿರುಗಿಸಿಕೊಂಡು ನಿಂತ.

ಹಿಂದಿನಿಂದ ಯಾರೋ ನನ್ನ ಬೆನ್ನು ತಿವಿದರು. ಕಂಕುಳಲ್ಲಿ ಕೋಳಿ ಇಟ್ಟುಕೊಂಡಿದ್ದ ಒಬ್ಬ ಮುದುಕಿ.

“ಬೇಗ ಕೊಡು ಮಗಳೇ. ನನಗೆ ಹನ್ನೊಂದರ ಬಸ್ಸಿದೆ.”

ಕೊಟ್ಟೆ.